ಒಂದು ಹಾಡು ತಾನೇ?

ಕೇರಳದ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನಲ್ಲಿ ಎನ್‌ಎಸ್‌ಎಸ್ ಹೈಸ್ಕೂಲ್ ಇದೆ. ಅಲ್ಲಿ ಹತ್ತು, ಒಂಬತ್ತು ಮತ್ತು ಐದನೇ ತರಗತಿಯಲ್ಲಿ ಓದುತ್ತಿದ್ದ ಒಂದೇ ಮನೆಯ ಮೂವರು ಮಕ್ಕಳು, ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಶುರುವಾದರೆ ಉಳಿದವರಂತೆಯೇ ನೆಟ್ಟಗೆ ನಿಲ್ಲುತ್ತಿದ್ದರು. ಆದರೆ ಹಾಡುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಓದಿ ಮುಗಿಸಿದ ಅವರ ಅಕ್ಕಂದಿರೂ ವರ್ಷಗಟ್ಟಲೆ ಹೀಗೇ ನಿಂತು ಹೋಗಿದ್ದರು. ಪಕ್ಕದಲ್ಲಿ ನಿಂತ ಸಹಪಾಠಿಗಳಿಗೆ, ಮೇಷ್ಟ್ರುಗಳಿಗೆ, ಊರವರಿಗೆ ಇದೊಂದು ಸುದ್ದಿಯಾಗಿಯೇ ಕಂಡಿರಲಿಲ್ಲ. 1985ರ ಜುಲೈಯಲ್ಲಿ ಒಬ್ಬ ಶಾಸಕರ ಕಣ್ಣಿಗೆ ಬಿತ್ತು. ಅವರಿಗೆ ಇದು ದೇಶದ್ರೋಹದಂತೆ ಕಂಡು ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ವಿಚಾರಣೆಗೆ ಆಯೋಗ ಬಂತು. ಮಕ್ಕಳು ಕಾನೂನಿಗೆ ತಲೆಬಾಗುವವರು, ರಾಷ್ಟ್ರಗೀತೆಗೆ ಯಾವ ಅಗೌರವವನ್ನೂ ತೋರಿಲ್ಲ ಎಂದು ಆ ಆಯೋಗವೇ ವರದಿ ಕೊಟ್ಟಿತು. ಅಲ್ಲಿಗೆ ಮುಗಿಯಬೇಕಿತ್ತು; ಮುಗಿಯಲಿಲ್ಲ. ಶಿಕ್ಷಣ ಇಲಾಖೆಯ ಮೇಲಿನವರಿಂದ ಸೂಚನೆ ಬಂತು, ಜುಲೈ 26ರಂದು ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ತಂದೆ ಬಂದು ಸರ್ಕಾರದ ಆದೇಶ ಬರುವವರೆಗಾದರೂ ಮಕ್ಕಳನ್ನು ಕೂರಿಸಿಕೊಳ್ಳಿ ಎಂದು ಕೇಳಿದರೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂಬ ಉತ್ತರ ಸಿಕ್ಕಿತು.

ಆ ಕುಟುಂಬ ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಥಕ್ಕೆ ಸೇರಿದ್ದು. ತಮ್ಮ ದೇವರಿಗಲ್ಲದೆ ಬೇರೆ ಯಾವುದಕ್ಕೂ ಆರಾಧನೆಯ ರೂಪದ ನಿಷ್ಠೆ ಸಲ್ಲಿಸಬಾರದೆಂಬುದು ಅವರ ನಂಬಿಕೆ. ಯಾವ ದೇಶದ ಗೀತೆಯನ್ನೂ ಅವರು ಹಾಡುವುದಿಲ್ಲ, ಯಾವ ಧ್ವಜಕ್ಕೂ ವಂದಿಸುವುದಿಲ್ಲ. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಇದನ್ನು ಒಪ್ಪಲಿಲ್ಲ. ರಾಷ್ಟ್ರಗೀತೆಯ ಒಂದು ಪದವೂ ಯಾರ ಧರ್ಮಕ್ಕೂ ನೋವುಂಟುಮಾಡುವಂತಿಲ್ಲ ಎಂಬುದು ಹೈಕೋರ್ಟಿನ ವಾದವಾಗಿತ್ತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಹೆಸರಾದ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ, 1990ರ ವರದಿಯ ಮೂಲಕ ನಮ್ಮ ಊರುಕೇರಿಗಳ ಮಾತಿಗೂ ಸೇರಿಹೋದ ಹೆಸರು ಅದು. ಅವರ ತರ್ಕ ಸರಳ. ರಾಷ್ಟ್ರಗೀತೆಯನ್ನು ಹಾಡಲೇಬೇಕು ಎನ್ನುವ ಕಾನೂನು ಈ ದೇಶದಲ್ಲಿ ಇಲ್ಲ. 1971ರ ಕಾಯಿದೆ ಶಿಕ್ಷಿಸುವುದು ಬೇರೆಯವರು ಹಾಡುವುದನ್ನು ತಡೆಯುವವರನ್ನು, ಹಾಡುವ ಸಭೆಗೆ ಅಡ್ಡಿ ಮಾಡುವವರನ್ನು. ಕೇರಳದ ಶಿಕ್ಷಣ ಇಲಾಖೆ ತೋರಿಸಿದ್ದು 1961 ಮತ್ತು 1970ರ ಎರಡು ಸುತ್ತೋಲೆಗಳನ್ನು. ಶಾಸನದ ಬಲವಿಲ್ಲದ ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲಾಗದು. ಗೌರವ ಕೊಡಬೇಕೆಂಬ ಕರ್ತವ್ಯ ಸಂವಿಧಾನದಲ್ಲಿ ಇದೆ ನಿಜ. ಎದ್ದು ನಿಂತದ್ದೇ ಗೌರವ. ಮಕ್ಕಳನ್ನು ವಾಪಸು ಸೇರಿಸಿಕೊಳ್ಳಿ.

ಈ ತೀರ್ಪು ಬಂದು ನಾಲ್ಕು ದಶಕಗಳಾಗುತ್ತ ಬಂದರೂ ನಮ್ಮ ಮಾತುಕತೆಯಲ್ಲಿ ಅದು ಗೆದ್ದಿಲ್ಲ. ಸಾಮಾನ್ಯವಾಗಿ ಕೇಳಿಬರುವ ಮಾತು ಬೇರೆಯೇ. ಒಂದು ಹಾಡು ತಾನೇ, ಹಾಡಿಬಿಟ್ಟರೆ ಏನು ಗಂಟು ಹೋಗುತ್ತದೆ? ನಂಬಿಕೆ ಮನಸ್ಸಿನೊಳಗಿನದು, ಅದನ್ನು ಅಲ್ಲೇ ಇಟ್ಟುಕೊಳ್ಳಲಿ, ಹೊರಗೆ ಹತ್ತು ಜನರ ಜೊತೆ ಹನ್ನೊಂದನೆಯವರಾಗಿರಲಿ. ಇದು ಕೆಟ್ಟ ಮನಸ್ಸಿನ ಮಾತಲ್ಲ. ಬಹಳ ಸಲ ಮಕ್ಕಳ ಮೇಲಿನ ಕಾಳಜಿಯಿಂದಲೇ ಬರುತ್ತದೆ. ಆದರೆ ಇದರೊಳಗೊಂದು ವಿರೋಧಾಭಾಸವಿದೆ. ಹಾಡುವುದು ಬರೀ ಹೊರಗಿನ ಆಚಾರ, ಒಳಗಿನದಕ್ಕೆ ಸಂಬಂಧವಿಲ್ಲದ್ದು ಎನ್ನುವುದಾದರೆ ಹಾಡದಿರುವುದೂ ಅಷ್ಟೇ ಹಗುರದ ಸಂಗತಿಯಾಗಬೇಕಲ್ಲ? ಹಾಗಿದ್ದ ಮೇಲೆ ಶಾಲೆಯಿಂದ ಹೊರಗೆ ಹಾಕುವಂಥದ್ದು ಏನಾಯಿತು? ಒತ್ತಾಯ ಮಾಡುವವನಿಗೆ ಅದು ಬರೀ ಹಾಡಲ್ಲ ಎಂಬುದು ಚೆನ್ನಾಗಿ ಗೊತ್ತು. ಅವನಿಗೆ ಬೇಕಾದದ್ದು ರಾಗವಲ್ಲ, ಆ ಮಗುವಿನ ಒಳಗು ತನ್ನ ಕಡೆಗಿದೆ ಎಂಬ ಗುರುತು. ಆದ್ದರಿಂದ ಹೊರಗಿನ ಒತ್ತಡಕ್ಕೂ ಒಳಗಿನ ನಂಬಿಕೆಗೂ ಸಂಬಂಧವಿಲ್ಲ ಎಂದು ಹೇಳುವ ನೈತಿಕ ಅಧಿಕಾರ ಒತ್ತಾಯಿಸುವವರಿಗೆ ಇಲ್ಲವೇ ಇಲ್ಲ. ಅವರ ಗುರಿಯೇ ಒಳಗು. ಅದು ಕೈಗೆ ಸಿಗದ ಕಾರಣ ನಾಲಿಗೆಯನ್ನು ಹಿಡಿಯುತ್ತಾರೆ.

ಇದಕ್ಕೆ ಗಟ್ಟಿಯಾದ ಎದುರುವಾದವೊಂದು ಚರಿತ್ರೆಯಲ್ಲೇ ಇದೆ. ಜಪಾನಿನ ಗುಪ್ತ ಕ್ರೈಸ್ತರದು. 1614ರಲ್ಲಿ ಅಲ್ಲಿನ ಶೋಗನ್ ಆಡಳಿತ ಕ್ರೈಸ್ತ ಧರ್ಮವನ್ನು ದೇಶದುದ್ದಕ್ಕೂ ನಿಷೇಧಿಸಿತು. ನಾಗಸಾಕಿಯ ಸುತ್ತಮುತ್ತ ಹೊಸ ವರ್ಷದ ದಿನಗಳಲ್ಲಿ ಮನೆಮನೆಯವರೂ ಬರಿಗಾಲಿನಲ್ಲಿ ಏಸುವಿನ ಅಥವಾ ಮೇರಿಯ ಚಿತ್ರವಿರುವ ಫಲಕವನ್ನು ತುಳಿಯಬೇಕೆಂಬ ಕಟ್ಟಳೆ ಬಂದು, ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಉಳಿಯಿತು. ಫುಮಿ-ಎ ಎಂದು ಕರೆಯುವ ಆ ಹಿತ್ತಾಳೆ ಫಲಕಗಳಲ್ಲಿ ಕೆಲವು ಈಗಲೂ ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ತಲೆಮಾರುಗಟ್ಟಲೆ ಜನರ ಅಂಗಾಲು ಉಜ್ಜಿ ಉಜ್ಜಿ ಅವುಗಳ ಮೇಲಿನ ಮುಖಗಳು ಸವೆದಿವೆ. ತುಳಿದವರಲ್ಲಿ ನಂಬಿಕೆ ಬಿಡದ ಸಾವಿರಾರು ಜನರೂ ಇದ್ದರು. ಪಾದ್ರಿಗಳಿಲ್ಲದೆ, ಚರ್ಚಿಲ್ಲದೆ, ಊರಿನ ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಿಕೊಂಡು ಸುಮಾರು ಇನ್ನೂರೈವತ್ತು ವರ್ಷ ಅವರು ತಮ್ಮ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. 1865ರ ಮಾರ್ಚಿನಲ್ಲಿ ನಾಗಸಾಕಿಯ ಓಉರಾ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದು ಫ್ರೆಂಚ್ ಪಾದ್ರಿ ಪೆಟಿಜಾನ್ ಅವರೆದುರು ತಾವು ಯಾರೆಂದು ಗುಟ್ಟಾಗಿ ಹೇಳಿಕೊಂಡಾಗ ಯುರೋಪೇ ಬೆರಗಾಯಿತು. ನೋಡಿ, ಹೊರಗೆ ತುಳಿದರೂ ಒಳಗೆ ಉಳಿಯಿತಲ್ಲ ಎನ್ನಬಹುದು.

ಉಳಿಯಿತು, ಆದರೆ ಯಾವ ಬೆಲೆಗೆ ಎಂಬುದನ್ನೂ ಅದೇ ಚರಿತ್ರೆ ಹೇಳುತ್ತದೆ. ಫಲಕ ತುಳಿದು ಮನೆಗೆ ಬಂದ ಮೇಲೆ ಅವರು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ಕಾಲಿನ ಕೆಲಸ ಕಾಲಿನಲ್ಲೇ ಉಳಿದಿದ್ದರೆ, ಮನಸ್ಸಿಗೆ ತಾಗದಿದ್ದರೆ, ಆ ಪ್ರಾರ್ಥನೆಯ ಅಗತ್ಯ ಎಲ್ಲಿತ್ತು? ತಮ್ಮವರು ಮತ್ತೆ ಸಿಕ್ಕಿದ್ದಾರೆ ಎಂದು ಗೊತ್ತಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಉರಕಾಮಿಯವರು ಮಾಡಿದ ಮೊದಲ ಕೆಲಸಗಳಲ್ಲೊಂದು, ಸತ್ತವರಿಗೆ ಬೌದ್ಧ ವಿಧಿಯ ಅಂತ್ಯಕ್ರಿಯೆ ಬೇಡ ಎಂದು ಅಧಿಕಾರಿಗಳಿಗೆ ಹೇಳಿದ್ದು. ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆಗಿದ್ದೂ ಅದೇ: ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದೇಶದ ಬೇರೆ ಬೇರೆ ಮೂಲೆಗಳಿಗೆ ಗಡೀಪಾರು ಮಾಡಿದರು, ನೂರಾರು ಜನ ಅಲ್ಲೇ ಸತ್ತರು, ಉಳಿದವರು ಮರಳಿದ್ದು 1873ರಲ್ಲಿ. ಹೊರಗೊಂದು ಒಳಗೊಂದು ಬದುಕಿನಲ್ಲಿ ನೆಮ್ಮದಿ ಇದ್ದಿದ್ದರೆ, ಎರಡೂವರೆ ಶತಮಾನದ ಅಭ್ಯಾಸ ಆಗಿಹೋಗಿದ್ದ ಜನ ಮೊದಲ ಅವಕಾಶದಲ್ಲೇ ಪ್ರಾಣದ ಹಂಗು ತೊರೆದು ಅದನ್ನು ಕಿತ್ತೊಗೆಯುತ್ತಿರಲಿಲ್ಲ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತುಳಿದವರನ್ನು ಹೇಡಿಗಳೆಂದು, ತುಳಿಯದೆ ಸತ್ತವರನ್ನು ಮಾತ್ರ ನಿಜವಾದ ಭಕ್ತರೆಂದು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಕತ್ತಿಯ ಕೆಳಗೆ ನಿಂತವರ ತೀರ್ಮಾನವನ್ನು ಸೋಫಾದಲ್ಲಿ ಕೂತು ಅಳೆಯುವುದು ಅಸಹ್ಯ. ಪ್ರಶ್ನೆ ಅವರದ್ದಲ್ಲ, ಕತ್ತಿ ಹಿಡಿದವರದ್ದು.

ಕತ್ತಿ ಹಿಡಿದವರು ಒಂದೇ ಗುರುತಿಗೆ ತೃಪ್ತರಾಗುವುದೂ ಅಪರೂಪ. ಬೆರಳು ಕೊಟ್ಟರೆ ಹಸ್ತ ನುಂಗುವುದು ಇಂಥ ಬೇಡಿಕೆಗಳ ಜಾಯಮಾನ. ಹಿಟ್ಲರನ ಜರ್ಮನಿಯಲ್ಲಿ ಇದೇ ಯೆಹೋವನ ಸಾಕ್ಷಿಗಳು ತೋಳು ಚಾಚಿ ಹಿಟ್ಲರನಿಗೆ ಜೈಕಾರ ಹಾಕಲು ಒಪ್ಪಲಿಲ್ಲ, ಸೈನ್ಯಕ್ಕೆ ಸೇರಲೂ ಒಪ್ಪಲಿಲ್ಲ. ಕೆಲಸ ಹೋಯಿತು, ಪಿಂಚಣಿ ಹೋಯಿತು, ಮಕ್ಕಳನ್ನು ತಂದೆತಾಯಿಯಿಂದ ಕಸಿದರು. ಕೊನೆಗೆ ಯಾತನಾ ಶಿಬಿರ. ಅಲ್ಲಿ ಅವರ ಅಂಗಿಗೆ ನೇರಳೆ ಬಣ್ಣದ ತ್ರಿಕೋನ ಹೊಲಿದಿರುತ್ತಿತ್ತು. ಯಹೂದಿಗಳಿಗೆ ಇಲ್ಲದ ಒಂದು ದಾರಿ ಇವರಿಗಿತ್ತು: ಅಚ್ಚಾದ ಒಂದು ಪತ್ರಕ್ಕೆ ಸಹಿ ಹಾಕಿದರೆ ಬಿಡುಗಡೆ. ಒಂದು ಸಹಿ ತಾನೇ? ಪತ್ರದಲ್ಲಿ ಏನಿತ್ತೆಂದು ನೋಡಿ. ಈ ಪಂಥದ ಬೋಧನೆ ತಪ್ಪು ಎಂದು ನಾನು ಕಂಡುಕೊಂಡಿದ್ದೇನೆ, ಅದನ್ನು ಬಿಟ್ಟಿದ್ದೇನೆ ಎಂಬುದು ಶುರು. ಆಮೇಲೆ, ಆ ಪಂಥದ ಯಾರೇ ನನ್ನನ್ನು ಸಂಪರ್ಕಿಸಿದರೂ ಪೊಲೀಸರಿಗೆ ಹಿಡಿದುಕೊಡುತ್ತೇನೆ. ಆಮೇಲೆ, ಯುದ್ಧ ಬಂದರೆ ಬಂದೂಕು ಹಿಡಿಯುತ್ತೇನೆ. ನಂಬಿಕೆ ಬಿಟ್ಟದ್ದರಿಂದ ಶುರುವಾಗಿ ನೆರೆಯವನ ಮೇಲೆ ಚಾಡಿ ಹೇಳುವುದಕ್ಕೆ, ಕೊಲ್ಲುವುದಕ್ಕೆ ಒಪ್ಪಿಗೆ, ಎಲ್ಲವೂ ಒಂದೇ ಹಾಳೆಯಲ್ಲಿ. ಸಹಿ ಹಾಕಿದವರು ಕಡಿಮೆ. ನಮ್ಮ ಶಾಲೆಯ ಸುತ್ತೋಲೆಯನ್ನು ನಾಜಿ ಶಿಬಿರದೊಂದಿಗೆ ಸಮೀಕರಿಸುವ ಹುಚ್ಚು ನನಗಿಲ್ಲ. ಹೇಳುವುದಿಷ್ಟೇ: ಒಳಗನ್ನು ಸಾಬೀತು ಮಾಡು ಎಂಬ ಬೇಡಿಕೆಗೆ ತಾನಾಗಿ ನಿಲ್ಲುವ ಜಾಗ ಇಲ್ಲ, ಏಕೆಂದರೆ ಯಾವ ಹೊರಗುರುತಿನಿಂದಲೂ ಒಳಗು ಪೂರ್ತಿ ಸಾಬೀತಾಗುವುದಿಲ್ಲ. ಅದನ್ನು ಹೊರಗಿನಿಂದ ಒಂದು ನಿಯಮ ತಡೆಯಬೇಕು.

ಇದಕ್ಕೆ ಅತ್ಯಂತ ಗಂಭೀರವಾದ ಆಕ್ಷೇಪ ಬಂದದ್ದು ಒಬ್ಬ ಉದಾರವಾದಿ ನ್ಯಾಯಾಧೀಶರಿಂದ. ಅಮೆರಿಕದ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಊರಿನಲ್ಲಿ 1935ರಲ್ಲಿ ಧ್ವಜವಂದನೆ ಮಾಡಲೊಪ್ಪದ ಅಕ್ಕ ತಮ್ಮನನ್ನು ಶಾಲೆಯಿಂದ ತೆಗೆದಿದ್ದರು. 1940ರ ಜೂನ್ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಬರೆದವರು ಫೀಲಿಕ್ಸ್ ಫ್ರಾಂಕ್‌ಫರ್ಟರ್. ಹನ್ನೆರಡನೆಯ ವಯಸ್ಸಿನಲ್ಲಿ ವಿಯೆನ್ನಾದಿಂದ ವಲಸೆ ಬಂದ ಯಹೂದಿ ಹುಡುಗ. ಆ ದೇಶದ ಶಾಲೆಯೇ ತನ್ನನ್ನು ಅಮೆರಿಕನ್ನನಾಗಿ ಮಾಡಿತೆಂದು ನಂಬಿದವರು. ನಮ್ಮ ಸಂವಿಧಾನದ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋದಾಗ ಭೇಟಿಯಾಗಿ ಸಲಹೆ ಪಡೆದದ್ದು ಇವರಿಂದಲೇ. ಜನ ಆರಿಸಿದ ಶಾಸಕಾಂಗದ ತಲೆಯ ಮೇಲೆ ನ್ಯಾಯಾಧೀಶರನ್ನು ಕೂರಿಸಬೇಡಿ ಎಂಬುದು ಆಗಲೂ ಅವರ ಬುದ್ಧಿಮಾತು. ಅವರ ವಾದವನ್ನು ಹಗುರ ಮಾಡಬಾರದು. ಬೇರೆಬೇರೆ ಭಾಷೆ, ಜಾತಿ, ಧರ್ಮಗಳ ಜನ ಒಂದು ದೇಶವಾಗಿ ನಿಲ್ಲಬೇಕಾದರೆ ಕೆಲವು ಸಮಾನ ಸಂಕೇತಗಳು ಬೇಕು; ಅವುಗಳನ್ನು ಮಕ್ಕಳಿಗೆ ಹೇಗೆ ದಾಟಿಸಬೇಕೆಂದು ಶಾಲಾ ಮಂಡಳಿ ತೀರ್ಮಾನಿಸಲಿ; ಕಾನೂನು ಎಲ್ಲರಿಗೂ ಒಂದೇ ಆಗಿರುವಾಗ ನನ್ನ ಧರ್ಮಕ್ಕೆ ಒಗ್ಗದು ಎಂದವರಿಗೆಲ್ಲ ವಿನಾಯಿತಿ ಕೊಡುತ್ತ ಹೋದರೆ ಕಾನೂನೇ ಉಳಿಯದು. ಭಾರತದಂಥ ದೇಶದಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕವಿದೆ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕುವಂತಿಲ್ಲ.

ಆದರೆ ಆ ತೀರ್ಪು ತಂದ ಏಕತೆ ಎಂಥದ್ದು? ಕೆಲವೇ ದಿನಗಳಲ್ಲಿ ಮೇನ್ ರಾಜ್ಯದ ಕೆನಬಂಕ್ ಎಂಬಲ್ಲಿ ಜನ ಗುಂಪುಗೂಡಿ ಯೆಹೋವನ ಸಾಕ್ಷಿಗಳ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಇಟ್ಟರು. ಆ ಬೇಸಿಗೆಯಲ್ಲಿ ದೇಶದುದ್ದಕ್ಕೂ ಅವರ ಮೇಲೆ ಹಲ್ಲೆಗಳಾದವು. ದೊಡ್ಡ ನ್ಯಾಯಾಲಯವೇ ಇವರನ್ನು ತಪ್ಪಿತಸ್ಥರೆಂದ ಮೇಲೆ ತಾವು ಕೈಮಾಡಿದರೆ ದೇಶಸೇವೆಯೇ ಅಲ್ಲವೇ ಎಂದು ಗುಂಪಿಗೆ ಅನ್ನಿಸಿತು. ಸಂಕೇತವನ್ನು ಕಡ್ಡಾಯ ಮಾಡಿದರೆ ಅದನ್ನು ಕಾಯುವ ಕೆಲಸ ಶಾಲೆಯದ್ದಾಗಿ ಉಳಿಯುವುದಿಲ್ಲ, ಬೀದಿಯದ್ದಾಗುತ್ತದೆ. ನಮ್ಮಲ್ಲಿಯೂ 2016ರ ನವೆಂಬರ್ 30ರಂದು ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ, ಎದ್ದು ನಿಲ್ಲದವರನ್ನು ಹಿಂದಿನ ಸಾಲಿನವರೇ ವಿಚಾರಿಸಿಕೊಳ್ಳಲು ಹೊರಟಿದ್ದನ್ನು ನೋಡಿದ್ದೇವೆ. 2018ರ ಜನವರಿ 9ರಂದು ಕೋರ್ಟೇ ಆ ಕಡ್ಡಾಯವನ್ನು ಸಡಿಲಿಸಬೇಕಾಯಿತು. ಇನ್ನೊಂದು ಸಂಗತಿ ಬಹುಶಃ ಫ್ರಾಂಕ್‌ಫರ್ಟರ್ ಅವರಿಗೂ ಮುಜುಗರ ತಂದಿರಬೇಕು. ಆ ಕಾಲದ ಅಮೆರಿಕನ್ ಶಾಲೆಗಳಲ್ಲಿ ಧ್ವಜಕ್ಕೆ ವಂದಿಸುತ್ತಿದ್ದದ್ದು ಬಲಗೈಯನ್ನು ಮುಂದಕ್ಕೆ ಚಾಚಿ. ಇದು ಹಿಟ್ಲರನ ವಂದನೆಯನ್ನು ಹೋಲುತ್ತದೆ ಎಂದು ಪೋಷಕರ ಸಂಘ, ಸ್ಕೌಟ್ಸ್, ರೆಡ್‌ಕ್ರಾಸ್‌ನವರೆಲ್ಲ ದೂರಿದರು. 1942ರ ಕೊನೆಗೆ ಸಂಸತ್ತು ಎದೆಯ ಮೇಲೆ ಕೈಯಿಡುವ ಭಂಗಿಗೆ ಬದಲಾಯಿಸಿತು. ಕೈ ಎಲ್ಲಿಡಬೇಕೆಂಬುದೇ ಇಷ್ಟು ಸುಲಭವಾಗಿ ಬದಲಾಗುವುದಾದರೆ, ಕೈಯೆತ್ತದ ಮಗುವಿನಿಂದ ದೇಶಕ್ಕೇನು ಕೇಡು?

ಕೋರ್ಟೇ ತನ್ನ ಮಾತನ್ನು ತಿದ್ದಿಕೊಳ್ಳಲು ಮೂರು ವರ್ಷ ಸಾಕಾಯಿತು. 1943ರ ಜೂನ್ 14ರಂದು, ಅಮೆರಿಕದ ಧ್ವಜ ದಿನದಂದೇ, ವೆಸ್ಟ್ ವರ್ಜಿನಿಯಾದ ಬಾರ್ನೆಟ್ ಕುಟುಂಬದ ಪ್ರಕರಣದಲ್ಲಿ ಆರಕ್ಕೆ ಮೂರರ ಬಹುಮತದಿಂದ ಹಳೆಯ ತೀರ್ಪು ಬಿದ್ದುಹೋಯಿತು. ಆಗ ಯುದ್ಧ ಕಾವೇರಿದ್ದ ಕಾಲ, ದೇಶಭಕ್ತಿಯ ಉನ್ಮಾದ ಉತ್ತುಂಗದಲ್ಲಿತ್ತು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರ ವಾದದ ತಿರುಳು: ಕೆಲವು ವಿಷಯಗಳನ್ನು ಮತಕ್ಕೆ ಹಾಕಲಾಗದು, ಬಾಯಿಂದ ತನ್ನದಲ್ಲದ ನಂಬಿಕೆಯನ್ನು ಹೇಳಿಸಲು ಎಷ್ಟು ದೊಡ್ಡ ಬಹುಮತಕ್ಕೂ ಹಕ್ಕಿಲ್ಲ. ಫ್ರಾಂಕ್‌ಫರ್ಟರ್ ಕೊನೆಯವರೆಗೂ ಒಪ್ಪಲಿಲ್ಲ. ಚಿನ್ನಪ್ಪ ರೆಡ್ಡಿಯವರು ತಮ್ಮ ತೀರ್ಪಿನಲ್ಲಿ ಅಮೆರಿಕದ ಈ ಎರಡೂ ತೀರ್ಪುಗಳನ್ನು ಓದಿ, ಎರಡನೆಯದರ ಹಾದಿ ಹಿಡಿದರು.

ಎಂಥದ್ದೋ ವಿಚಿತ್ರ ನಂಬಿಕೆಗೆಲ್ಲ ಸಂವಿಧಾನ ಏಕೆ ಮಣೆ ಹಾಕಬೇಕು ಎಂಬ ಪ್ರಶ್ನೆಗೆ ಅದೇ ತೀರ್ಪಿನಲ್ಲಿ ಒಳ್ಳೆಯ ಉತ್ತರವಿದೆ. ಈ ಜನರ ನಂಬಿಕೆಗಳು ನಮಗೆ ವಿಚಿತ್ರವಾಗಿ ಕಾಣಬಹುದು, ಆದರೆ ಅವರ ಪ್ರಾಮಾಣಿಕತೆಯ ಬಗ್ಗೆ ಅನುಮಾನವೇ ಇಲ್ಲ, ಕೋರ್ಟು ನೋಡಬೇಕಾದದ್ದು ಅದನ್ನೇ ಎಂದರು ಚಿನ್ನಪ್ಪ ರೆಡ್ಡಿ. ಇದು ನಮ್ಮ ನ್ಯಾಯಶಾಸ್ತ್ರದ ಇನ್ನೊಂದು ಹಾದಿಗಿಂತ ಬೇರೆ. ಆ ಇನ್ನೊಂದು ಹಾದಿ ಶುರುವಾದದ್ದು ಉಡುಪಿಯ ಶಿರೂರು ಮಠದ ಪ್ರಕರಣದಿಂದ, 1954ರಲ್ಲಿ. ಧರ್ಮವೊಂದರ ಅತ್ಯಗತ್ಯ ಭಾಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂದು ಆಗ ಸುಪ್ರೀಂ ಕೋರ್ಟ್ ಹೇಳಿತು. ಮಠಗಳ ಸ್ವಾಯತ್ತತೆಗೆ ಅದು ರಕ್ಷಣೆ ಕೊಟ್ಟದ್ದು ನಿಜ. ಕ್ರಮೇಣ ನ್ಯಾಯಾಧೀಶರೇ ಶಾಸ್ತ್ರಗ್ರಂಥ ತಿರುವಿ, ಇದು ಅಗತ್ಯ, ಇದು ಅನಗತ್ಯ ಎಂದು ಹೇಳುವ ಮಟ್ಟಕ್ಕೆ ಅದು ಬಂತು. ಅಲ್ಲಿ ಪ್ರಶ್ನೆ ಕೇಳುವುದು ಗ್ರಂಥವನ್ನು. ಕಿಡಂಗೂರಿನ ತೀರ್ಪಿನಲ್ಲಿ ಕೇಳಿದ್ದು ಮನುಷ್ಯನನ್ನು. ಒಳಗಿನ ನಂಬಿಕೆ ಎನ್ನುವುದು ಇರುವುದೇ ಒಬ್ಬೊಬ್ಬರ ಎದೆಯಲ್ಲಾದ್ದರಿಂದ ಎರಡನೆಯ ಕ್ರಮವೇ ಸರಿ ಎಂದು ನನ್ನ ಮತ. ಶಾಸ್ತ್ರ ಹೇಳದ್ದನ್ನೂ, ಗುರುಪೀಠ ಒಪ್ಪದ್ದನ್ನೂ ಒಬ್ಬ ವ್ಯಕ್ತಿ ಪ್ರಾಮಾಣಿಕವಾಗಿ ನಂಬಬಹುದು. ನಮ್ಮ ನಾಡಿನ ಭಕ್ತಿ ಪರಂಪರೆಯಲ್ಲಿ ದೊಡ್ಡವರೆನಿಸಿದವರಲ್ಲಿ ಎಷ್ಟು ಜನ ಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು?

ಹಾಗಾದರೆ ನಂಬಿಕೆ ಎಂದು ಹೇಳಿ ಏನು ಬೇಕಾದರೂ ಮಾಡಬಹುದೇ? ಇಲ್ಲ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ 1957ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಇದು ನಮ್ಮ ಸಮುದಾಯದ ದೇವಸ್ಥಾನ, ಯಾರನ್ನು ಒಳಗೆ ಬಿಡಬೇಕೆಂಬುದು ನಮ್ಮ ಧರ್ಮದ ವಿಷಯ ಎಂಬುದು ಆಡಳಿತದವರ ವಾದ. ಆ ನಂಬಿಕೆ ಪ್ರಾಮಾಣಿಕವೇ ಇರಬಹುದು. ಆದರೂ ಕೆಲವು ವಿಶೇಷ ಸೇವೆಗಳ ಹೊತ್ತನ್ನು ಬಿಟ್ಟು ಉಳಿದಂತೆ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕಾಯಿತು, ಸರಿಯಾಗಿಯೇ. ಏಕೆಂದರೆ ಅಲ್ಲಿ ಒಬ್ಬರ ನಂಬಿಕೆಯ ಬೆಲೆಯನ್ನು ತೆರುತ್ತಿದ್ದವರು ಹೊಸ್ತಿಲಾಚೆ ನಿಂತ ಇನ್ನೊಬ್ಬರು. ಯೆಹೋವನ ಸಾಕ್ಷಿಗಳ ವಿಷಯದಲ್ಲೂ ಈ ಗೆರೆ ಇದೆ. ರಕ್ತ ತೆಗೆದುಕೊಳ್ಳುವುದನ್ನು ಅವರು ಒಪ್ಪುವುದಿಲ್ಲ. ವಯಸ್ಕನೊಬ್ಬ ತನಗೆ ಬೇಡವೆಂದರೆ ಅದು ಅವನ ತೀರ್ಮಾನ. ಸಾಯುವ ಮಗುವಿಗೆ ರಕ್ತ ಕೊಡಬೇಡಿ ಎಂದು ತಂದೆತಾಯಿ ತಡೆದರೆ ಅನೇಕ ದೇಶಗಳ ನ್ಯಾಯಾಲಯಗಳು ಮಧ್ಯೆ ಬಂದು ಕೊಡಿಸಿವೆ. ಹಾಡದೆ ಸುಮ್ಮನೆ ನಿಲ್ಲುವವನು ಯಾರ ಬಾಗಿಲನ್ನೂ ಮುಚ್ಚುವುದಿಲ್ಲ, ಯಾರ ಉಸಿರನ್ನೂ ನಿಲ್ಲಿಸುವುದಿಲ್ಲ. ನಷ್ಟವೇನಾದರೂ ಇದ್ದರೆ ಅವನದ್ದೇ. ಆತ್ಮಸಾಕ್ಷಿಯ ಹೆಸರಿನಲ್ಲಿ ಬರುವ ಪ್ರತಿ ಬೇಡಿಕೆಗೂ ಮೊದಲು ಕೇಳಬೇಕಾದದ್ದು, ಇದರ ಖರ್ಚು ಯಾರ ಲೆಕ್ಕಕ್ಕೆ ಎಂದು.

ಈ ಅಳತೆಗೋಲನ್ನು ಹಿಡಿದು ನಮ್ಮ ಮನೆಯಂಗಳದ ವಿವಾದಕ್ಕೆ ಬರುವುದು ಅನಿವಾರ್ಯ. ಉಡುಪಿಯ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದದಲ್ಲಿ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ನಿಗದಿತ ಸಮವಸ್ತ್ರವನ್ನೇ ಧರಿಸಬೇಕೆಂಬ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದು ಮುಖ್ಯವಾಗಿ ತೂಗಿದ್ದು ಶಿರೂರು ಮಠದ ತಕ್ಕಡಿಯಲ್ಲೇ: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಹೌದೋ ಅಲ್ಲವೋ. ಆತ್ಮಸಾಕ್ಷಿಯ ವಾದಕ್ಕೆ, ಅರ್ಜಿದಾರರು ಅದಕ್ಕೆ ಆಧಾರವಾಗುವ ಸಂಗತಿಗಳನ್ನು ದಾಖಲೆಗೆ ತಂದಿಲ್ಲ ಎಂದು ಹೇಳಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಅವರಿಗೆ ಕಿಡಂಗೂರಿನ ತೀರ್ಪು ಇಲ್ಲಿಗೆ ಅನ್ವಯಿಸದ್ದು. ಸುಧಾಂಶು ಧುಲಿಯಾ ಅವರಿಗೆ ಅದೇ ಸರಿಯಾದ ಮಾರ್ಗದರ್ಶಿ. ಮೂರು ಮಕ್ಕಳ ಮೌನಕ್ಕೂ ತಲೆವಸ್ತ್ರಕ್ಕೂ ವ್ಯತ್ಯಾಸವಿದೆ, ಒಪ್ಪಬೇಕು. ಒಂದು ಮಾಡದಿರುವುದು, ಇನ್ನೊಂದು ಮಾಡುವುದು. ಸಮವಸ್ತ್ರಕ್ಕೆ ತನ್ನದೇ ಒಂದು ಉದ್ದೇಶವೂ ಇದೆ, ಬಡವ ಶ್ರೀಮಂತರ ಅಂತರವನ್ನು ತರಗತಿಯೊಳಗೆ ಮರೆಸುವುದು. ಆದರೆ ಸಮವಸ್ತ್ರದ ಬಣ್ಣದ್ದೇ ಬಟ್ಟೆಯ ತುಂಡೊಂದರಿಂದ ಪಕ್ಕದ ಬೆಂಚಿನವಳ ಕಲಿಕೆಗೆ ಏನು ನಷ್ಟ ಎಂದು ಕೇಳಿದರೆ ಸಮಾಧಾನದ ಉತ್ತರ ನನಗೆ ಯಾವ ಪುಟದಲ್ಲೂ ಸಿಗಲಿಲ್ಲ. ಧುಲಿಯಾ ಅವರ ತರ್ಕವೇ ಹೆಚ್ಚು ಗಟ್ಟಿ ಎನ್ನಿಸುತ್ತದೆ. ಹಿಜಾಬ್ ಧರಿಸಿದ ಹುಡುಗಿಯನ್ನು ಗೇಟಿನ ಹೊರಗೆ ನಿಲ್ಲಿಸಿದ್ದರಿಂದ ಅವಳ ಬದುಕು ಉತ್ತಮವಾಯಿತೇ ಎಂಬುದು ಅವರೆತ್ತಿದ ಪ್ರಶ್ನೆ.

ಇಲ್ಲಿ ಬಲವಾದ ಪ್ರತಿವಾದ ಬರುವುದು ಬೇರೆ ದಿಕ್ಕಿನಿಂದ. ಆ ಹುಡುಗಿ ಅದನ್ನು ಧರಿಸುವುದು ತನ್ನ ನಂಬಿಕೆಯಿಂದಲೋ, ಅಪ್ಪ ಅಣ್ಣಂದಿರ ಭಯದಿಂದಲೋ? ಕಿಡಂಗೂರಿನ ಐದನೇ ತರಗತಿಯ ಮಗು ಹಾಡದೆ ನಿಂತದ್ದು ತನ್ನ ಆತ್ಮಸಾಕ್ಷಿಯಿಂದಲೋ, ಅಪ್ಪನ ಮಾತಿನಿಂದಲೋ? ಸುಪ್ರೀಂ ಕೋರ್ಟಿನಲ್ಲಿ ಹಿಜಾಬ್ ವಿಚಾರಣೆ ನಡೆಯುತ್ತಿದ್ದ 2022ರ ಸೆಪ್ಟೆಂಬರಿನಲ್ಲೇ ಇರಾನಿನಲ್ಲಿ, ತಲೆವಸ್ತ್ರ ಸರಿಯಾಗಿ ಧರಿಸಿಲ್ಲವೆಂದು ಪೊಲೀಸರು ಹಿಡಿದೊಯ್ದ ಮಹ್ಸಾ ಅಮಿನಿ ಎಂಬ ಇಪ್ಪತ್ತೆರಡರ ಯುವತಿ ಸತ್ತು, ಬೀದಿಗಳು ಹೊತ್ತಿ ಉರಿದವು. ಒಂದು ಕಡೆ ತೆಗೆ ಎನ್ನುವ ಅಧಿಕಾರಿ, ಇನ್ನೊಂದು ಕಡೆ ಹಾಕು ಎನ್ನುವ ಅಧಿಕಾರಿ. ಒಳಗಿನ ನಂಬಿಕೆಯ ಪರವಾಗಿ ವಾದಿಸುವವರು ಎರಡನ್ನೂ ಒಂದೇ ಬಾಯಲ್ಲಿ ವಿರೋಧಿಸಬೇಕು. ಒಂದನ್ನು ಮಾತ್ರ ವಿರೋಧಿಸುವವರಿಗೆ ಬೇಕಾಗಿರುವುದು ನಂಬಿಕೆಯ ಸ್ವಾತಂತ್ರ್ಯವಲ್ಲ, ತಮ್ಮ ಕಡೆಯ ಗೆಲುವು. ಯೆಹೋವನ ಸಾಕ್ಷಿಗಳೂ ಇದರಿಂದ ಹೊರತಲ್ಲ. ಜಗತ್ತಿನ ಒತ್ತಡದೆದುರು ಬಗ್ಗದ ಈ ಪಂಥ, ತನ್ನೊಳಗಿನಿಂದ ಯಾರಾದರೂ ಬೇರೆ ದಾರಿ ಹಿಡಿದರೆ ಅವರನ್ನು ಬಹಿಷ್ಕರಿಸುತ್ತದೆ. ಬಹಿಷ್ಕೃತರೊಂದಿಗೆ ಬಂಧುಗಳೂ ಮಾತು ಬಿಡುವುದುಂಟು. ಕಿರುಕುಳ ಅನುಭವಿಸಿದವರು ಕಿರುಕುಳ ಕೊಡುವುದಿಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಪುರಾವೆ ಕಡಿಮೆ.

ಇದರಿಂದ ಕಿಡಂಗೂರಿನ ತೀರ್ಪು ದುರ್ಬಲವಾಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಮನೆಯವರ ಒತ್ತಡವಿದೆ ಎಂಬ ಗುಮಾನಿಗೆ ಮಗುವನ್ನು ಶಾಲೆಯಿಂದಲೇ ತೆಗೆದುಹಾಕಿದರೆ, ಮನೆಯ ಹೊರಗಿನ ಗಾಳಿ ಬೀಸುವ ಒಂದೇ ಕಿಟಕಿಯನ್ನೂ ಮುಚ್ಚಿದಂತೆ. ಹದಿನೇಳನೆಯ ವಯಸ್ಸಿಗೆ ಅದೇ ಮಗು ಅಪ್ಪನಿಗೆ ಎದುರಾಡಿ ನಾನು ಹಾಡುತ್ತೇನೆ ಎನ್ನಬಹುದು. ಆ ದಿನ ಅದರ ಬೆನ್ನಿಗೆ ನಿಲ್ಲಬೇಕಾದದ್ದೂ ಇದೇ ತತ್ವ. ಅಂಥ ಗಳಿಗೆಯಲ್ಲಿ ಶಾಲೆಯೂ ಕೋರ್ಟೂ ಮಾಡಬಹುದಾದದ್ದೇನು ಎಂಬುದಕ್ಕೆ 1972ರ ಒಂದು ಅಮೆರಿಕನ್ ಪ್ರಕರಣ ಸೂಚನೆ ಕೊಡುತ್ತದೆ. ವಿಸ್ಕಾನ್ಸಿನ್ ರಾಜ್ಯದ ಆಮಿಶ್ ಪಂಥದ ಮೂವರು ತಂದೆಯರು ಎಂಟನೇ ತರಗತಿಯ ಮೇಲೆ ಮಕ್ಕಳನ್ನು ಶಾಲೆಗೆ ಕಳಿಸಲು ನಿರಾಕರಿಸಿದ್ದರು, ಧರ್ಮದ ಕಾರಣ ಕೊಟ್ಟು. ಕೋರ್ಟು ತಂದೆಯರ ಪರ ನಿಂತಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ ಅರ್ಧ ಒಪ್ಪಿ ಅರ್ಧ ಬೇರೆಯಾದರು. ಸಾಕ್ಷಿಕಟ್ಟೆಗೆ ಬಂದು ಇದು ನನ್ನ ನಂಬಿಕೆಯೂ ಹೌದು ಎಂದು ಹೇಳಿದ್ದವಳು ಒಬ್ಬಳೇ ಹುಡುಗಿ. ಅವಳ ತಂದೆಯ ಮಟ್ಟಿಗೆ ತೀರ್ಪಿಗೆ ಒಪ್ಪಿಗೆ, ಉಳಿದ ಮಕ್ಕಳನ್ನು ಕೇಳದೆ ತಂದೆಯರ ಮಾತನ್ನೇ ಮಕ್ಕಳ ಮಾತೆಂದು ಬಗೆಯಲಾರೆ ಎಂದರು ಅವರು. ಹಾಡು ಎನ್ನುವ ಮುಖ್ಯೋಪಾಧ್ಯಾಯರೂ, ಹಾಡಬೇಡ ಎನ್ನುವ ತಂದೆಯೂ, ಧರಿಸು, ಧರಿಸಬೇಡ ಎಂದು ಗೇಟಿನ ಎರಡೂ ಬದಿ ಕೂಗುವ ಸಂಘಟನೆಗಳೂ ಸಾಮಾನ್ಯವಾಗಿ ಬಿಟ್ಟುಬಿಡುವುದು ಆ ಕೇಳುವ ಕೆಲಸವನ್ನೇ.